ಶಿರಸಿ ಕಡೆಯವರೇ, ಮನೆ ವಿಮೆ ಸರ್ವೆಯರ್ ಕೊಡುವ ಹಾಳೆಗೆ ಸಹಿ ಹಾಕಬೇಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡ ಕಡೆ ಮನೆಗೆ ವಿಮೆ ಮಾಡಿಸಿದವರು ದಯವಿಟ್ಟು ಓದಿ. ಗಾಳಿಮಳೆಗೆ ಹಂಚು ಹೋಗಿ, ಹಾನಿ ಎಷ್ಟು ಅಂತ ನೋಡಲು ವಿಮೆ ಕಂಪನಿ ಕಳಿಸುವ ಸರ್ವೆಯರ್ ಬಂದು, "ಇಲ್ಲೊಂದು ಸಹಿ ಹಾಕಿ, ನಾನು ಬಂದು ನೋಡಿದ್ದಕ್ಕೆ ಅಷ್ಟೇ" ಅಂದರೆ ಹಾಕಬೇಡಿ. ಹಾಕಲೇಬೇಡಿ. ನಮ್ಮ ಅಪ್ಪಯ್ಯನ ಹತ್ತಿರ ಹೀಗೇ ಸಹಿ ಹಾಕಿಸಿಕೊಂಡು ಕ್ಲೈಮನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದ್ದಾರೆ.

ಏಪ್ರಿಲ್‌ನಲ್ಲಿ ಆಲಿಕಲ್ಲು ಮಳೆ ಬಂತು. ಆ ಗಾಳಿ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಮಾಡಿನ ಒಂದು ಬದಿಯ ಹಂಚು ಪೂರ್ತಿ ಹೋಯಿತು. ಹಲಸಿನ ಟೊಂಗೆ ಬಿದ್ದು ರೀಪು, ಪಕಾಸಿ ಮುರಿದವು. ಸೋಲಾರ್ ಪ್ಯಾನೆಲ್ ಒಡೆಯಿತು. ಅಟ್ಟದ ಮೇಲಿದ್ದ ಅಡಕೆ ನೆನೆದದ್ದು ಬೇರೆ. ಅದರ ಕಥೆ ಬಿಡಿ, ಅದಕ್ಕೆ ವಿಮೆ ಇರಲಿಲ್ಲ. ರಾತ್ರಿಯೇ ಕಂಪನಿಗೆ ಫೋನ್ ಮಾಡಿದೆ. ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡಿಕೊಂಡು ಹೋದರು. ಬಡಗಿ, ಹಂಚು, ಪ್ಯಾನೆಲ್ ಎಲ್ಲ ಸೇರಿ ಅಂದಾಜು 1,86,000 ರೂಪಾಯಿ ಬಂತು.

ಸರ್ವೆಯರ್ ಬಂದದ್ದು ಎಷ್ಟೋ ದಿನಕ್ಕೆ. ಬಂದವರು ಮೊದಲು ತೆಗೆದದ್ದೇ ಟಾರ್ಪಾಲಿನ ತಕರಾರು. "ಮುಚ್ಚಿಬಿಟ್ಟಿದ್ದೀರಲ್ಲ ಸರ್, ಡ್ಯಾಮೇಜ್ ಕಾಣೋದೇ ಇಲ್ಲ." ಮತ್ತೇನು, ಅವರು ಬರುವವರೆಗೆ ಮನೆಯೊಳಗೆ ಮಳೆ ಹೊಯ್ಯಿಸಿಕೊಂಡು ಕೂರಬೇಕಿತ್ತಾ? ಹಾನಿ ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ ಅಂತ ಅವರ ಪಾಲಿಸಿಯೇ ಹೇಳುತ್ತದೆ. ಪುಣ್ಯಕ್ಕೆ ಟಾರ್ಪಾಲು ಹೊದೆಸುವ ಮೊದಲು ತೆಗೆದ ಫೋಟೋ ಇತ್ತು, ಒಡೆದ ಹಂಚಿನ ರಾಶಿ ಅಂಗಳದಲ್ಲೇ ಇತ್ತು. ಆಮೇಲೆ ಮನುಷ್ಯ ಮೆತ್ತಗಾದರು. ಊಟಕ್ಕೆ ಕೂತರು. ಅಪ್ಪೆಹುಳಿ ಎರಡೆರಡು ಸಲ ಹಾಕಿಸಿಕೊಂಡು ಕುಡಿದರು. "ಚಿಂತೆ ಮಾಡಬೇಡಿ ಮಾರಾಯ್ರೇ, ಪೂರ್ತಿ ಆಗ್ತದೆ" ಅಂದರು. ಹೊರಡುವಾಗ ನಾನು ಹಿಂದುಗಡೆ ಪ್ಯಾನೆಲ್ ಸೀರಿಯಲ್ ನಂಬರಿನ ಫೋಟೋ ತೆಗೆಯುತ್ತಿದ್ದೆ. ಪಾಲಿಸಿ ಅಪ್ಪಯ್ಯನ ಹೆಸರಿನಲ್ಲಿದೆ. ಜಗುಲಿಯಲ್ಲಿ ಅವರ ಹತ್ತಿರ ಇಂಗ್ಲಿಷ್‌ನಲ್ಲಿ ಮುದ್ರಿಸಿದ ಹಾಳೆಗೆ ಸಹಿ ಹಾಕಿಸಿಕೊಂಡು ಹೋಗಿದ್ದಾರೆ.

ಆಮೇಲೆ ಇಮೇಲ್ ಬಂತು. 72,000.

ನಾನು ತಪ್ಪು ಓದಿದೆನೇನೋ ಅಂತ ಮತ್ತೆ ಮತ್ತೆ ಓದಿದೆ. 72,000ವೇ. ಪ್ಯಾನೆಲ್‌ನ 42,000 ಪೂರ್ತಿ ಹೊಡೆದು ಹಾಕಿದ್ದರು. ಉಳಿದ 1,44,000ವನ್ನು ಸೀದಾ ಅರ್ಧ ಮಾಡಿದ್ದರು. ಸರ್ವೆಯರಿಗೆ ಫೋನ್ ಮಾಡಿದೆ.

"ಅರ್ಧ ಯಾಕೆ ಮಾಡಿದಿರಿ?"

"ನಿಮ್ಮ ಮನೆ ಈಗ ಕಟ್ಟಿಸಿದರೆ 40 ಲಕ್ಷ ಆಗ್ತದೆ ಸರ್. ನೀವು ವಿಮೆ ಮಾಡಿಸಿದ್ದು 20ಕ್ಕೆ. ಅರ್ಧ ಮನೆಗೆ ವಿಮೆ, ಅರ್ಧ ದುಡ್ಡು. ಎಲ್ಲ ಕಡೆ ಹೀಗೇ."

"ಪ್ಯಾನೆಲ್?"

"ಅದು ಮನೆ ಅಲ್ಲವಲ್ಲ ಸರ್."

"ಅಪ್ಪಯ್ಯನಿಗೆ ನೀವು ಹೇಳಿದ್ದೇ ಬೇರೆ."

"ಹಾಳೆಯಲ್ಲಿ ಏನಿದೆ ನೋಡಿ ಸರ್."

ಹಾಳೆಯ ಫೋಟೋ ವಾಟ್ಸಾಪಿಗೆ ಕಳಿಸಿದರು. ಕೆಳಗೆ ಅಪ್ಪಯ್ಯನ ಸಹಿ ನೀಲಿ ಶಾಯಿಯಲ್ಲಿದೆ. ಮೇಲೆ, ಈ ಮೊತ್ತಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ ಅನ್ನುವ ಸಾಲಿನಲ್ಲಿ 72,000 ಅಂತ ಕಪ್ಪು ಶಾಯಿಯಲ್ಲಿದೆ. ಸಹಿ ಹಾಕುವಾಗ ಅಲ್ಲಿ ಅಂಕಿಯೇ ಇರಲಿಲ್ಲ ಅನ್ನುತ್ತಾರೆ ಅಪ್ಪಯ್ಯ. ಊರಿನವರ ಕಾಗದಪತ್ರ ಎಲ್ಲ ಓದಿ ಹೇಳುತ್ತಿದ್ದವರು ಅವರು. ಈಗ ಯಾರಾದರೂ ಕ್ಲೈಮ್ ಏನಾಯಿತು ಅಂತ ಕೇಳಿದರೆ ಎದ್ದು ತೋಟಕ್ಕೆ ಹೋಗುತ್ತಾರೆ. ನನಗೆ ದುಡ್ಡಿಗಿಂತ ಇದಕ್ಕೇ ಸಿಟ್ಟು.

ಬ್ರಾಂಚಿಗೆ ಹೋದರೆ ಅಲ್ಲಿಯ ಸಾಹೇಬರು ಕಂಪ್ಯೂಟರಿನಿಂದ ಕಣ್ಣೇ ಎತ್ತಲಿಲ್ಲ. "ನೀವೇ ಸಹಿ ಹಾಕಿ ಕೊಟ್ಟಿದ್ದೀರಲ್ಲ." ಇನ್ನೊಂದು ಸಲ, "ಫೈಲ್ ಹೆಡ್ ಆಫೀಸಿಗೆ ಹೋಗಿದೆ." ಆಮೇಲೆ ಹೇಳಿದ್ದು ಇನ್ನೂ ಚಂದ: "ಆಲಿಕಲ್ಲು ಅಂತ ಪಾಲಿಸಿಯಲ್ಲಿ ಬರೆದೇ ಇಲ್ಲ, 72,000 ಬಂದದ್ದೇ ಜಾಸ್ತಿ." ಬಿರುಗಾಳಿ ಅಂತ ಇದೆಯಲ್ಲ ಸ್ವಾಮಿ, ಆಲಿಕಲ್ಲು ಏನು ಸುಮ್ನೆ ಕೂತ ಆಕಾಶದಿಂದ ಬೀಳುತ್ತದಾ?

ಮನೆಗೆ ಬಂದು ಪಾಲಿಸಿ ಓದಿದೆ. ನಮ್ಮದು ಭಾರತ್ ಗೃಹ ರಕ್ಷಾ. 2021ರ ಏಪ್ರಿಲ್ 1ರಿಂದ ಎಲ್ಲ ಸಾಮಾನ್ಯ ವಿಮೆ ಕಂಪನಿಗಳೂ ಮಾರಬೇಕಾದ ಒಂದೇ ನಮೂನೆಯ ಮನೆ ಪಾಲಿಸಿ ಇದು. ಮನೆಯ ಅಳತೆ ಸರಿಯಾಗಿ ಕೊಟ್ಟಿದ್ದರೆ, ವಿಮೆ ಮೊತ್ತ ಕಡಿಮೆ ಇದೆ ಅಂತ ಕ್ಲೈಮನ್ನು ಅದೇ ಪ್ರಮಾಣದಲ್ಲಿ ಕತ್ತರಿಸುವ ಲೆಕ್ಕ ಇದರಲ್ಲಿ ಇಲ್ಲ. ಆ ಲೆಕ್ಕ ಅಂಗಡಿ, ಗೋದಾಮಿನ ಪಾಲಿಸಿಯದ್ದು. ನಾವು ಅಳತೆ ಸರಿಯಾಗಿಯೇ ಕೊಟ್ಟಿದ್ದೆವು. 20 ಲಕ್ಷ ಅಂತ ಬರೆದುಕೊಂಡವನು ಅವರದ್ದೇ ಏಜೆಂಟ್! ಇನ್ನು ಸೋಲಾರ್ ಪ್ಯಾನೆಲ್. ಕಾಂಪೌಂಡ್ ಗೋಡೆ, ನೀರಿನ ಟ್ಯಾಂಕ್, ಗೋಬರ್ ಗ್ಯಾಸ್ ಜೊತೆ ಅದೂ ಕಟ್ಟಡದ ಭಾಗ ಅಂತ ಪಾಲಿಸಿಯಲ್ಲೇ ಇದೆ. ಸರ್ವೆಯರಿಗೆ ಇದು ಗೊತ್ತಿಲ್ಲ ಅಂತ ನಾನಂತೂ ನಂಬುವುದಿಲ್ಲ.

ಕುಮಟಾದ ಭಾವನ ಮನೆ ಮೇಲೆ 2021ರ ತೌಕ್ತೆ ಚಂಡಮಾರುತದಲ್ಲಿ ತೆಂಗಿನ ಮರ ಬಿದ್ದಿತ್ತು. ಅವನ ಮುಂದೂ ಇಂಥದ್ದೇ ಹಾಳೆ ಇಟ್ಟಿದ್ದರಂತೆ. ಅವನು ಜಗಳಗಂಟ, ಸಹಿ ಹಾಕಲಿಲ್ಲ. ಅವನಿಗೆ ಪೂರ್ತಿ ಬಂತು.

ಹಾಗಾಗಿ ಸರ್ವೆಯರ್ ಏನೇ ಕೊಟ್ಟರೂ ಮೊದಲು ಫೋಟೋ ತೆಗೆಯಿರಿ. ಖಾಲಿ ಜಾಗ ಇದ್ದರೆ ಗೀಟು ಎಳೆಯಿರಿ. ಅವರ ಲೈಸೆನ್ಸ್ ನಂಬರ್ ಕೇಳಿ. ಸರ್ವೆ ವರದಿಯ ಪ್ರತಿ ಇಮೇಲ್‌ನಲ್ಲೇ ಕೇಳಿ, ಫೋನಿನಲ್ಲಿ ಆಡಿದ ಮಾತಿಗೆ ಬೆಲೆ ಇಲ್ಲ. ವಿಮೆ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಪ್ರಾಧಿಕಾರ ಐಆರ್‌ಡಿಎಐನ 2024ರ ಸುತ್ತೋಲೆ ಪ್ರಕಾರ 24 ಗಂಟೆಯೊಳಗೆ ಸರ್ವೆಯರ್ ನೇಮಕ ಆಗಬೇಕು, 15 ದಿನದಲ್ಲಿ ವರದಿ, ಅಲ್ಲಿಂದ 7 ದಿನದಲ್ಲಿ ತೀರ್ಮಾನ. ನಮ್ಮ ವಿಷಯದಲ್ಲಿ ಇದ್ಯಾವುದೂ ಆಗಲಿಲ್ಲ. ವೋಚರಿಗೆ, ಅಂದರೆ ಇಷ್ಟು ಹಣಕ್ಕೆ ಒಪ್ಪಿದೆ ಅನ್ನುವ ಇಂಥ ಹಾಳೆಗೆ, ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕನ ಹಕ್ಕು ಹೋಗುವುದಿಲ್ಲ ಅಂತ ಇದೇ ಐಆರ್‌ಡಿಎಐ 2015ರಲ್ಲೇ ಹೇಳಿದೆ. ಬ್ರಾಂಚಿನಲ್ಲಿ ಅದನ್ನು ಹೇಳಿದ್ದಕ್ಕೆ "ಹಾಗೆಲ್ಲ ಇಲ್ಲ ಸರ್" ಅಂದರು.

ಕಂಪನಿಗೆ ಬರೆದು ದೂರು ಕೊಟ್ಟೆ. ಐಆರ್‌ಡಿಎಐನ ದೂರು ಜಾಲತಾಣ ಬಿಮಾ ಭರೋಸಾದಲ್ಲೂ ಹಾಕಿದೆ. ಒಂದು ತಿಂಗಳು ಕಾದರೂ ಕಂಪನಿಯಿಂದ ಉತ್ತರ ಇಲ್ಲ. ಈಗ ಗ್ರಾಹಕರ ವಿಮೆ ದೂರು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಅರ್ಜಿ ಹೋಗಿದೆ. 50 ಲಕ್ಷದವರೆಗಿನ ತಕರಾರು ಅಲ್ಲಿ ತೆಗೆದುಕೊಳ್ಳುತ್ತಾರೆ, ಫೀಸು ಇಲ್ಲ, ಆದರೆ ಒಂದು ವರ್ಷದೊಳಗೆ ಹೋಗಬೇಕು. ಇದೇ ಅರ್ಧ ಮನೆಯ ಲೆಕ್ಕ ನಿಮಗೂ ಯಾರಾದರೂ ಹೇಳಿದ್ದರೆ ಆ ಕಾಗದ ಎಸೆಯಬೇಡಿ, ನನಗೆ ತಿಳಿಸಿ.