ಟ್ಯೂಬ್‌ಲೈಟ್, ಎಲ್‌ಇಡಿ ಟ್ಯೂಬ್, ಎಲ್‌ಇಡಿ ಪ್ಯಾನೆಲ್: ಮೂರರ ಕೆಳಗೂ ಡ್ಯೂಟಿ ಮಾಡಿ ನೋಡಿದೆ

ನಮ್ಮ ಆಸ್ಪತ್ರೆಯಲ್ಲಿ ದೀಪ ಬದಲಿಸುವ ಮಾತು ಬಂದಾಗ ಎಲ್ಲರೂ ಕೇಳಿದ್ದು ಒಂದೇ: ಎಷ್ಟು ವ್ಯಾಟ್ ಉಳಿಯುತ್ತದೆ? ನಾನು ಕೇಳಿದ್ದು ಬೇರೆ. ಈ ದೀಪದ ಕೆಳಗೆ ರೋಗಿಯ ತುಟಿ ಯಾವ ಬಣ್ಣ ಕಾಣುತ್ತದೆ? ಮೀಟಿಂಗಿನಲ್ಲಿ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ, ಬಾಯಿಬಿಟ್ಟ ತಪ್ಪಿಗೆ ಶಿಕ್ಷೆ ಅನ್ನುವ ಹಾಗೆ, "ಹಾಗಿದ್ರೆ ನೀವೇ ನೋಡಿ ಹೇಳಿ ಸಿಸ್ಟರ್" ಎಂದು ಮೂರು ಕೋಣೆ ಬಿಟ್ಟುಕೊಟ್ಟರು.

ಮೊದಲ ಕೋಣೆಯಲ್ಲಿ ಹಳೆ ಟ್ಯೂಬ್‌ಲೈಟ್ ಹಾಗೇ ಇತ್ತು. ಎರಡನೆಯದರಲ್ಲಿ ಅದೇ ಪಟ್ಟಿಗೆ ಎಲ್‌ಇಡಿ ಟ್ಯೂಬ್ ಹಾಕಿಸಿದೆವು. 6500 ಕೆಲ್ವಿನ್, ಅಂದರೆ ಎಲ್ಲ ಕಡೆ ಕಾಣುವ ನೀಲಿಮಿಶ್ರಿತ ಬಿಳಿ ಬೆಳಕು. ಮೂರನೆಯದರಲ್ಲಿ ಸೀಲಿಂಗಿಗೆ ಚೌಕ ಪ್ಯಾನೆಲ್. 4000 ಕೆಲ್ವಿನ್, ಅಂದರೆ ಅಷ್ಟು ನೀಲಿಯಿಲ್ಲದ ಬಿಳಿ. ಸಿಆರ್‌ಐ, ಅಂದರೆ ದೀಪ ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ, ನೂರಕ್ಕೆ 90. ಜೊತೆಗೆ ಬೆಳಕು ಏರಿಳಿಸುವ ಡಿಮ್ಮರ್. ನಾಲ್ಕು ತಿಂಗಳು ಹಗಲು ರಾತ್ರಿ ಮೂರರಲ್ಲೂ ಕೆಲಸ ಮಾಡಿದೆ.

ಟ್ಯೂಬ್‌ಲೈಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದರ ಕಾಲ ಮುಗಿಯುತ್ತಾ ಬಂತು. ಅದರೊಳಗೆ ಪಾದರಸ ಇರುತ್ತದೆ. ಪಾದರಸದ ಮೇಲಿನ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದದ ಪ್ರಕಾರ ಉದ್ದ ಟ್ಯೂಬ್‌ಲೈಟುಗಳ ತಯಾರಿಕೆ, ಆಮದು, ರಫ್ತು 2027ಕ್ಕೆ ನಿಲ್ಲಬೇಕು. ವಾರ್ಡಿನಲ್ಲಿ ಒಂದು ಟ್ಯೂಬ್ ಬಿದ್ದು ಒಡೆದರೆ ಏನು ಪಾಡು ಅಂತ ನನಗೆ ಗೊತ್ತು. ರೋಗಿಗಳನ್ನು ಆಚೆ ಕಳಿಸಬೇಕು, ಕಿಟಕಿ ತೆಗೆಯಬೇಕು, ಪೊರಕೆಯನ್ನಾಗಲಿ ವ್ಯಾಕ್ಯೂಮನ್ನಾಗಲಿ ಮುಟ್ಟದೆ ಚೂರುಗಳನ್ನು ರಟ್ಟಿನಿಂದ ಎತ್ತಬೇಕು. ಅದರ ಮೇಲೆ ಚೋಕಿನ ಗುಂಯ್‌ಗುಡುವಿಕೆ. ಟ್ಯೂಬಿನದೇ 36 ವ್ಯಾಟ್, ಹಳೆ ಚೋಕ್ ತಿನ್ನುವ ಎಂಟ್ಹತ್ತು ವ್ಯಾಟ್ ಬೇರೆ. ಒಂದು ಒಳ್ಳೆ ಗುಣ ಮಾತ್ರ ಒಪ್ಪಿಕೊಳ್ಳಬೇಕು. ಬೆಳಕು ಉದ್ದಕ್ಕೆ ಹರಡಿಕೊಂಡು ಬರುತ್ತದೆ, ಕಣ್ಣಿಗೆ ಅಷ್ಟಾಗಿ ಹೊಡೆಯುವುದಿಲ್ಲ.

ಎಲ್‌ಇಡಿ ಟ್ಯೂಬ್ ಬಂದ ಮೊದಲ ವಾರ ಎಲ್ಲರಿಗೂ ಖುಷಿ. ಸ್ವಿಚ್ ಒತ್ತಿದ ತಕ್ಷಣ ಪಳ್ಳನೆ ಬೆಳಕು. 20 ವ್ಯಾಟಿನಲ್ಲೇ ಕೋಣೆ ಮೊದಲಿಗಿಂತ ಸ್ವಚ್ಛವಾಗಿ ಕಂಡಿತು. ಗೋಡೆಗೆ ಹೊಸದಾಗಿ ಸುಣ್ಣ ಹೊಡೆದಿದ್ದೀರಾ ಅಂತ ಒಬ್ಬರು ಕೇಳಿದರು.

ಎಡವಟ್ಟು ಗೊತ್ತಾಗಿದ್ದು ಒಂದು ನೈಟ್ ಡ್ಯೂಟಿಯಲ್ಲಿ. ವಯಸ್ಸಾದ ಅಜ್ಜಿಗೆ ಹೊಸ ಐವಿ ಲೈನ್ ಹಾಕಬೇಕಿತ್ತು. ಸೂಜಿ ಚುಚ್ಚುವ ರಕ್ತನಾಳಕ್ಕೆ ರೋಗಿಗಳು ಹೇಳುವುದು ನರ, ನಾವು ಹೇಳುವುದು ವೇನ್. ಕೈಗೆ ಪಟ್ಟಿ ಬಿಗಿದೆ, ತಟ್ಟಿದೆ, ಸವರಿದೆ. ಬೆರಳಿಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಚರ್ಮವೆಲ್ಲ ಒಂದೇ ಬೂದು ಬಣ್ಣ. "ನರ ಎಲ್ಲೋ ಓಡೋಯ್ತೇನವ್ವಾ" ಎಂದು ಅಜ್ಜಿಯೇ ನಕ್ಕರು. ಕೊನೆಗೆ ಅವರನ್ನು ವೀಲ್‌ಚೇರಿನಲ್ಲಿ ಕೂರಿಸಿಕೊಂಡು ಪಕ್ಕದ ಪ್ಯಾನೆಲ್ ಕೋಣೆಗೆ ಹೋದೆ. ಅದೇ ಕೈ, ಅದೇ ಪಟ್ಟಿ. ಹೆಬ್ಬೆರಳಿನ ಬುಡದಿಂದ ಮೇಲಕ್ಕೆ ಹಸಿರು ಗೆರೆ ಎದ್ದು ಕಂಡಿತು. ಒಂದೇ ಚುಚ್ಚಿಗೆ ಸಿಕ್ಕಿತು.

ಇದು ಯಾಕೆ ಹೀಗೆ? ಬಿಳಿ ಎಲ್‌ಇಡಿ ಅನ್ನುವುದು ಅಸಲಿಗೆ ನೀಲಿ ಎಲ್‌ಇಡಿ. ಅದರ ಮೇಲೆ, ನೀಲಿಯ ಒಂದು ಭಾಗವನ್ನು ಹಳದಿ ಬೆಳಕಾಗಿಸುವ ಫಾಸ್ಫರ್ ಅನ್ನುವ ಲೇಪ ಬಳಿದಿರುತ್ತಾರೆ. ಎರಡೂ ಸೇರಿ ಕಣ್ಣಿಗೆ ಬಿಳಿ ಅನ್ನಿಸುತ್ತದೆ. ಆ ನೀಲಿ ಎಲ್‌ಇಡಿಗೇ 2014ರಲ್ಲಿ ಅಕಸಾಕಿ, ಅಮಾನೊ, ನಕಾಮುರ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಬಂತು. ಆದರೆ ಅಗ್ಗದ ಮಿಶ್ರಣದಲ್ಲಿ ಕಡುಗೆಂಪು ತುಂಬಾ ಕಡಿಮೆ. ಚರ್ಮ ಮತ್ತು ರಕ್ತನಾಳದ ಬಣ್ಣದ ವ್ಯತ್ಯಾಸ ಕಾಣುವುದೇ ಮುಖ್ಯವಾಗಿ ಕೆಂಪಿನಲ್ಲಿ. ಕೆಂಪೇ ಇಲ್ಲದ ಮೇಲೆ ನರ ಎಲ್ಲಿಂದ ಕಾಣಬೇಕು? ಕೆಲವು ದೇಶಗಳಲ್ಲಿ ಸಾರ್ವಜನಿಕ ಶೌಚಾಲಯಗಳಿಗೆ ನೀಲಿ ದೀಪ ಹಾಕುತ್ತಾರಂತೆ, ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ನರ ಸಿಗಬಾರದು ಅಂತ. ನಾವು ದುಡ್ಡು ಕೊಟ್ಟು ಅದರ ತಮ್ಮನನ್ನು ವಾರ್ಡಿಗೆ ತಂದಿದ್ದೆವು.

ಡಬ್ಬಿಯ ಮೇಲೆ ಸಿಆರ್‌ಐ 80 ಅಂತ ಇತ್ತು. 80 ಅಂದರೆ ಫಸ್ಟ್ ಕ್ಲಾಸ್ ಅಲ್ವಾ ಅಂತ ನಮಗೆಲ್ಲ ಅನ್ನಿಸಿದ್ದು ಸಹಜ. ಆದರೆ ಈ ಅಂಕ ಎಂಟು ಮಾಸಲು ಬಣ್ಣಗಳ ಸರಾಸರಿ. ಕಡುಗೆಂಪಿನ ಪರೀಕ್ಷೆ ಒಂಬತ್ತನೆಯದು. ಅದನ್ನು ಆರ್9 ಅನ್ನುತ್ತಾರೆ. ಅದು ಸರಾಸರಿಗೆ ಸೇರುವುದೇ ಇಲ್ಲ. ಹಾಗಾಗಿ ಸಿಆರ್‌ಐ 80 ಇದ್ದ ದೀಪಕ್ಕೆ ಆರ್9 ಸೊನ್ನೆಯ ಆಸುಪಾಸಿನಲ್ಲಿರಬಹುದು. ನಮಗೆ ಬೇಕಾದ ವಿಷಯದಲ್ಲೇ ಫೇಲಾಗಿ ಒಟ್ಟು ಅಂಕದಲ್ಲಿ ಪಾಸಾದ ಹುಡುಗನ ಹಾಗೆ.

ತುಟಿಯ ಕಥೆ ಇದಕ್ಕಿಂತ ಗಂಭೀರ. ಆಕ್ಸಿಜನ್ ಕಡಿಮೆಯಾದರೆ ತುಟಿ, ನಾಲಿಗೆ ನೀಲಿಗಟ್ಟುತ್ತವೆ. ಎಲ್‌ಇಡಿ ಟ್ಯೂಬಿನ ಕೋಣೆಯಲ್ಲಿ ಚೆನ್ನಾಗಿ ಉಸಿರಾಡುತ್ತಿದ್ದವರ ತುಟಿಯೂ ನೀಲಿ ಕಂಡು ಎರಡು ಸಲ ಪಲ್ಸ್ ಆಕ್ಸಿಮೀಟರ್ ತರಲು ಓಡಿದ್ದೇನೆ. ಎರಡು ಸಲವೂ 97 ತೋರಿಸಿತು. ಸುಮ್ನೆ ಓಡಿದ್ದು ಪರವಾಗಿಲ್ಲ. ಹೀಗೇ ಆಗುತ್ತಿದ್ದರೆ ಮೂರನೇ ಸಲ ನಾನು ಓಡದೇ ಇರಬಹುದು, ಅದೇ ಭಯ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮಾನದಂಡದಲ್ಲಿ ಇದಕ್ಕೇ, ಅಂದರೆ ನೀಲಿಗಟ್ಟಿದ್ದನ್ನು ಗುರುತಿಸುವಲ್ಲಿ ದೀಪ ಎಷ್ಟು ದಾರಿ ತಪ್ಪಿಸುತ್ತದೆ ಅನ್ನುವುದಕ್ಕೆ, ಒಂದು ಸೂಚ್ಯಂಕ ಇದೆ. ರೋಗಿಯ ಚರ್ಮ ನೋಡಿ ಹೇಳಬೇಕಾದ ಜಾಗದಲ್ಲಿ ಅದು 3.3 ದಾಟಬಾರದು, ದೀಪ 3300ರಿಂದ 5300 ಕೆಲ್ವಿನ್ ಒಳಗಿರಬೇಕು. ನಮ್ಮ 6500 ಬಾಗಿಲಲ್ಲೇ ಔಟ್.

ಎಲ್‌ಇಡಿ ಟ್ಯೂಬಿನ ಬಗ್ಗೆ ಇನ್ನೊಂದು ಮಾತು, ಇದು ಎಲೆಕ್ಟ್ರಿಷಿಯನ್ ಹೇಳಿಕೊಟ್ಟಿದ್ದು. ಕೆಲವು ಟ್ಯೂಬುಗಳು ಹಳೆ ಚೋಕಿನ ಜೊತೆಗೇ ಉರಿಯುತ್ತವೆ. ಕೆಲವಕ್ಕೆ ಚೋಕ್ ಕಿತ್ತು ನೇರ ಕರೆಂಟ್ ಕೊಡಬೇಕು. ನೇರ ಕೊಟ್ಟ ಪಟ್ಟಿಗೆ ಮುಂದೆ ಯಾರಾದರೂ ಗೊತ್ತಿಲ್ಲದೆ ಹಳೆ ಟ್ಯೂಬ್ ಸಿಕ್ಕಿಸಿದರೆ ಅಪಾಯ. ಹಾಗಾಗಿ ಪಟ್ಟಿಯ ಮೇಲೆ ಚೀಟಿ ಅಂಟಿಸಲೇಬೇಕು. ನಮ್ಮಲ್ಲಿ ಮೊದಲು ಅಂಟಿಸಿರಲಿಲ್ಲ.

ಇನ್ನು ಪ್ಯಾನೆಲ್. ಬಣ್ಣದ ವಿಷಯದಲ್ಲಿ ಅಜ್ಜಿಯ ಕೈಯೇ ಸಾಕ್ಷಿ. ಗಾಯದ ಅಂಚಿನ ಕೆಂಪು, ಡ್ರೆಸ್ಸಿಂಗ್ ಮೇಲಿನ ಕಲೆ ಹಳೆಯದೋ ಹೊಸದೋ, ಎಲ್ಲ ತಿಳಿಯುತ್ತದೆ. ಆದರೂ ಮೊದಲ ತಿಂಗಳು ಅತಿ ಹೆಚ್ಚು ದೂರು ಬಂದಿದ್ದು ಇದೇ ಕೋಣೆಯಿಂದ.

ಒಂದು ಮಧ್ಯಾಹ್ನ ಒಳಗೆ ಹೋದರೆ ರೋಗಿ ಮುಖದ ಮೇಲೆ ಬಿಳಿ ಟವೆಲ್ ಎಳೆದುಕೊಂಡು ಅಂಗಾತ ಮಲಗಿದ್ದಾರೆ. ಎದೆ ಝಲ್ಲೆಂದಿತು. ಹತ್ತಿರ ಹೋದರೆ ಟವೆಲಿನೊಳಗಿಂದ ದನಿ ಬಂತು: "ಲೈಟ್ ಕಣ್ಣಿಗೆ ಹೊಡೀತಿದೆ ಸಿಸ್ಟರ್." ಆಗ ನಾನೂ ಖಾಲಿ ಮಂಚದ ಮೇಲೆ ಮಲಗಿ ನೋಡಿದೆ. ಇಷ್ಟು ವರ್ಷದ ಸರ್ವಿಸಿನಲ್ಲಿ ರೋಗಿಯ ಮಂಚದ ಮೇಲೆ ಮಲಗಿ ಸೀಲಿಂಗ್ ನೋಡಿದ್ದು ಅದೇ ಮೊದಲು. ಪ್ಯಾನೆಲನ್ನು ಸರಿಯಾಗಿ ದಿಂಬಿನ ಮೇಲೆಯೇ ಕೂರಿಸಿದ್ದರು. ನಾವು ನಿಂತು ರೋಗಿಯನ್ನು ನೋಡುತ್ತೇವೆ, ರೋಗಿ ಮಲಗಿ ದೀಪವನ್ನೇ ನೋಡುತ್ತಾರೆ. ದೀಪ ಆಯ್ಕೆ ಮಾಡುವವರು ಯಾರೂ ಮಲಗಿ ನೋಡಿರುವುದಿಲ್ಲ. ಪ್ಯಾನೆಲನ್ನು ಮಂಚದ ಕಾಲುಭಾಗದ ಕಡೆಗೆ ಸರಿಸಿ, ತಲೆಯ ಹತ್ತಿರ ಗೋಡೆಗೆ ಬೇರೆ ಓದುವ ದೀಪ ಹಾಕಿಸಿದ ಮೇಲೆ ಟವೆಲುಗಳು ಕೆಳಗಿಳಿದವು.

ಯುರೋಪಿನ ಇಎನ್ 12464-1 ಮಾನದಂಡ ನೋಡಿದರೂ ಇದೇ ಲೆಕ್ಕ. ಲಕ್ಸ್ ಅಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. ವಾರ್ಡಿನ ಸಾಮಾನ್ಯ ಬೆಳಕು 100 ಲಕ್ಸ್ ಸಾಕು. ಓದಲು, ಸಣ್ಣಪುಟ್ಟ ತಪಾಸಣೆಗೆ 300. ಸರಿಯಾದ ತಪಾಸಣೆ, ಚಿಕಿತ್ಸೆಗೆ 1000, ಅಲ್ಲಿ ಸಿಆರ್‌ಐ 90. ರಾತ್ರಿ ರೌಂಡ್ಸಿಗೆ ಬರೀ 5. ಒಂದೇ ಸ್ವಿಚ್ಚಿನ ದೀಪದಿಂದ 5ನ್ನೂ 300ನ್ನೂ ಹೇಗೆ ಕೊಡುತ್ತೀರಿ? ಹಾಗಾಗಿ ಡಿಮ್ಮರ್ ಶೋಕಿಯಲ್ಲ.

ಆದರೆ ಡಿಮ್ಮರೂ ಒಂದು ಆಟ ಆಡಿಸಿತು. ಒಂದು ರಾತ್ರಿ ಬೆಳಕು ಪೂರ್ತಿ ಇಳಿಸಿ ಡ್ರಿಪ್ ಹನಿ ಎಣಿಸುತ್ತಿದ್ದೆ. ಬೀಳುವ ಹನಿ ಒಂದಲ್ಲ, ನಾಲ್ಕೈದು ಮಣಿ ಪೋಣಿಸಿದ ಹಾಗೆ ತುಂಡುತುಂಡಾಗಿ ಕಂಡಿತು. ನನಗೇ ನಿದ್ದೆಗಣ್ಣು ಅಂದುಕೊಂಡೆ. ಫೋನಿನ ಕ್ಯಾಮೆರಾ ಹಿಡಿದರೆ ಪರದೆ ತುಂಬಾ ಕಪ್ಪು ಪಟ್ಟೆಗಳು. ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡುವ ಡ್ರೈವರ್ ಅನ್ನುವ ಭಾಗ ಇರುತ್ತದೆ. ಕೆಲವು ಡ್ರೈವರುಗಳು ಬೆಳಕನ್ನು ನಿಜವಾಗಿ ಇಳಿಸುವುದಿಲ್ಲ. ಹತ್ತಿಸಿ ಆರಿಸಿ, ಹತ್ತಿಸಿ ಆರಿಸಿ, ಕಣ್ಣಿಗೆ ಮಂಕು ಅನ್ನಿಸುವಂತೆ ಮಾಡುತ್ತವೆ. ಅಗ್ಗದ ಡ್ರೈವರಾದರೆ ಡಿಮ್ಮರ್ ಇಲ್ಲದೆಯೂ, 50 ಹರ್ಟ್ಸ್ ಕರೆಂಟಿನಲ್ಲಿ, ಸೆಕೆಂಡಿಗೆ 100 ಸಲ ಬೆಳಕು ಏರಿಳಿಯುತ್ತದೆ. ಮಿಣುಕದ ಡ್ರೈವರ್ ಹಾಕಿದ ಮೇಲೆ ಹನಿ ಮತ್ತೆ ಒಂದೇ ಹನಿಯಾಯಿತು. ದೀಪ ಕೊಳ್ಳುವ ಮೊದಲು ಬೆಳಕನ್ನು ಪೂರ್ತಿ ಇಳಿಸಿ ಕ್ಯಾಮೆರಾ ಹಿಡಿದು ನೋಡಿ. ಬಿಟ್ಟಿ ಪರೀಕ್ಷೆ.

ರಾತ್ರಿಗೆ ಮಾತ್ರ ಪ್ಯಾನೆಲನ್ನು ಎಷ್ಟು ಇಳಿಸಿದರೂ ನನಗೆ ಸಮಾಧಾನವಿಲ್ಲ. ನಮ್ಮ ಕಣ್ಣಿನಲ್ಲಿ ಮೆಲನೊಪ್ಸಿನ್ ಅನ್ನುವ, ಬೆಳಕನ್ನು ಗ್ರಹಿಸುವ ವಸ್ತು ಇರುವ ಕೋಶಗಳಿವೆ, ಅವು ಸುಮಾರು 480 ನ್ಯಾನೊಮೀಟರಿನ ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತವೆ. ಅಲ್ಲಿಂದಲೇ ಮಿದುಳಿಗೆ "ಇನ್ನೂ ಹಗಲು" ಅನ್ನುವ ಸುದ್ದಿ ಹೋಗುತ್ತದೆ. ನೆಲದ ಹತ್ತಿರ, ಮಂಚದ ಎತ್ತರಕ್ಕಿಂತ ಕೆಳಗೆ, ಹಳದಿ ಬಣ್ಣದ ಪುಟ್ಟ ದೀಪ ಹಾಕಿಸಿದೆವು. ಶೌಚಾಲಯಕ್ಕೆ ಎದ್ದವರಿಗೆ ದಾರಿ ಕಾಣುತ್ತದೆ, ಪಕ್ಕದವರ ನಿದ್ದೆ ಕೆಡುವುದಿಲ್ಲ. ನಾಲ್ಕು ತಿಂಗಳ ಪ್ರಯೋಗದಲ್ಲಿ ನನಗೆ ತುಂಬಾ ಇಷ್ಟವಾದ ವಸ್ತು ಇದೇ. ಹೊತ್ತಿಗೆ ತಕ್ಕಂತೆ ಬಣ್ಣ ಬದಲಿಸುವ ದೀಪವನ್ನೂ ಒಂದು ಮಂಚಕ್ಕೆ ತಂದಿದ್ದರು. ಚೆನ್ನಾಗಿತ್ತು. ಆದರೆ ಗೋಡೆಯ ಮೇಲೆ ಏಳು ಬಟನ್. ಎರಡನೇ ವಾರದಿಂದ ಯಾರೂ ಮುಟ್ಟಲಿಲ್ಲ.

ಡ್ರೆಸ್ಸಿಂಗ್ ರೂಮಿನ ದೀಪವನ್ನೂ ಹೋಲಿಸಿ ನೋಡಿದೆ. ಹಳೆಯದು ಹ್ಯಾಲೊಜೆನ್. ಬಣ್ಣ ತೋರಿಸುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ಸಿಆರ್‌ಐ ಹೆಚ್ಚುಕಡಿಮೆ 100. ಆದರೆ ಅದರ ಬಿಸಿ! ಹೊಲಿಗೆ ಹಾಕುವ ಡಾಕ್ಟರ ನೆತ್ತಿ ಕಾಯುತ್ತದೆ, ಗಾಯ ಒಣಗುತ್ತದೆ. ಎಲ್‌ಇಡಿಯ ಬಿಸಿ ಹಿಂಬದಿಗೆ ಹೋಗುತ್ತದೆ, ಬೆಳಕಿನ ಜೊತೆ ಗಾಯದ ಮೇಲೆ ಬೀಳುವುದಿಲ್ಲ. ಸಿಆರ್‌ಐ 95ರ ಒಂದು ಎಲ್‌ಇಡಿ ದೀಪಕ್ಕೆ ನಾನು ಕಣ್ಣುಮುಚ್ಚಿ ವೋಟ್ ಹಾಕಿದೆ. ಇನ್ನೊಂದನ್ನು ವಾಪಸ್ ಕಳಿಸಿದೆ. ಅದರೊಳಗೆ ಬೇರೆ ಬೇರೆ ಬಣ್ಣದ ಎಲ್‌ಇಡಿಗಳಿದ್ದವು. ಕೈ ಅಡ್ಡ ಬಂದರೆ ಗಾಯದ ಪಕ್ಕ ಗುಲಾಬಿ, ಹಸಿರು ನೆರಳು ಬೀಳುತ್ತಿತ್ತು.

ಬಣ್ಣ ಅಂದಾಗ ನೆನಪಾಯಿತು. ಕಾಮಾಲೆ ಬಂದ ನವಜಾತ ಶಿಶುಗಳಿಗೆ ನೀಲಿ ಬೆಳಕಿನ ಚಿಕಿತ್ಸೆ ಕೊಡುತ್ತೇವಲ್ಲ, ಅಲ್ಲಿ ಮಾತ್ರ ಎಲ್‌ಇಡಿಯ ನೀಲಿಯೇ ವರ. ಬೇಕಾದ 460ರಿಂದ 490 ನ್ಯಾನೊಮೀಟರನ್ನೇ ಕೊಡುತ್ತದೆ, ಮಗುವಿಗೆ ಬಿಸಿ ತಟ್ಟುವುದಿಲ್ಲ. ಬೆಳಕಿಗೆ ಕಾಮಾಲೆ ಇಳಿಯುತ್ತದೆ ಎಂದು 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಮೊದಲು ಗಮನಿಸಿದ್ದು ಸಿಸ್ಟರ್ ಜೀನ್ ವಾರ್ಡ್. ಶಿಶುಗಳನ್ನು ಬಿಸಿಲಿಗೆ ಕರೆದೊಯ್ಯುತ್ತಿದ್ದವರು ಅವರು. ನರ್ಸ್ ಕಣ್ಣು, ಸ್ವಲ್ಪ ಜಂಬ ಪಟ್ಟುಕೊಳ್ಳುತ್ತೇನೆ.

ಕೊನೆಗೆ ನಾನು ಬರೆದುಕೊಟ್ಟಿದ್ದು ಇಷ್ಟು. ಎಲ್‌ಇಡಿ ಟ್ಯೂಬ್ ಮೆಟ್ಟಿಲಿಗೆ, ಸ್ಟೋರಿಗೆ, ಕಡತದ ಕೋಣೆಗೆ ಇರಲಿ. ರೋಗಿ ಇರುವ ಕಡೆ ಎಲ್ಲ 4000 ಕೆಲ್ವಿನ್, ಸಿಆರ್‌ಐ 90ರ ಪ್ಯಾನೆಲ್, ದಿಂಬಿನ ಮೇಲೆ ಬೇಡ. ಆರ್ಡರ್ ಹಾಳೆಯಲ್ಲಿ ವ್ಯಾಟ್ ಪಕ್ಕ ಪೆನ್ನಿನಲ್ಲಿ ಗೆರೆ ಎಳೆದು "ಆರ್9" ಅಂತ ಇನ್ನೊಂದು ಕಾಲಂ ಸೇರಿಸಿದೆ. ಮಾರನೇ ದಿನ ದೀಪ ಸಪ್ಲೈ ಮಾಡುವವರ ಫೋನ್ ಬಂತು.

"ಮೇಡಂ, ಈ ಆರ್9 ಅಂದ್ರೆ ಯಾವ ಫ್ಲೋರಿನ ರೂಮು?"