ತರಗತಿಗೆ ಶ್ರುತಿ ಪೆಟ್ಟಿಗೆ: ನಾಲ್ಕೈದು ವರ್ಷ ಬಳಸಿದ ಮೇಲೆ

ದಾವಣಗೆರೆಯ ಒಂದು ಶಾಲೆಯಲ್ಲಿ ಕರ್ನಾಟಕ ಸಂಗೀತ ಹೇಳಿಕೊಡುತ್ತೇನೆ. ಸಂಜೆ ಮನೆಯಲ್ಲೂ ಪಾಠ ಇರುತ್ತದೆ. ಹಾಡಿಗೆ ಆಧಾರವಾಗಿ ಸ, ಪ ಸ್ವರಗಳನ್ನು ಬಿಡದೆ ನುಡಿಸುತ್ತಿರುವ ಈ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯೇ ಎರಡೂ ಕಡೆಗೆ ಬ್ಯಾಗಿನಲ್ಲಿ ಓಡಾಡುತ್ತದೆ. ಕಂಪನಿ ಹೆಸರು ಬೇಡ ಬಿಡಿ, ಯಾವುದೇ ಪೆಟ್ಟಿಗೆ ಕೊಂಡರೂ ನೋಡಬೇಕಾದ್ದು ಹೆಚ್ಚುಕಮ್ಮಿ ಇದೇ.

ನನಗೆ ತುಂಬಾ ಹಿಡಿಸಿದ್ದು ನಾಬ್. ಮೆನು ಗಿನು ಇಲ್ಲ, ತಿರುಗಿಸಿದರೆ ಶ್ರುತಿ ಬದಲಾಗುತ್ತದೆ. ಇದೇನು ಮಹಾ ಅನ್ನಬೇಡಿ. ತರಗತಿ ತುಂಬಾ ಮಕ್ಕಳು, ಒಂದು ಕೈಯಲ್ಲಿ ತಾಳ, ಕಣ್ಣು ಹಿಂದಿನ ಸಾಲಿನ ಪಿಸುಮಾತಿನ ಮೇಲೆ, ಹೀಗಿರುವಾಗ ನೋಡದೆಯೇ ಕೈಗೆ ಸಿಗುವಂಥದ್ದು ಬೇಕು. ಶ್ರುತಿಯ ಎತ್ತರವನ್ನು ನಾವು 'ಮನೆ' ಲೆಕ್ಕದಲ್ಲಿ ಹೇಳುತ್ತೇವೆ. ಗಂಡಸರ ಒಂದೂವರೆ ಮನೆಯಲ್ಲಿ ಚಿಕ್ಕ ಮಕ್ಕಳನ್ನು ಹಾಡಿಸಿದರೆ ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ದನಿಯೇ ಬರುವುದಿಲ್ಲ. ನಮ್ಮವರಿಗೆ ಐದು, ಐದೂವರೆ ಮನೆ ಸರಿಹೋಗುತ್ತದೆ. ಹೈಸ್ಕೂಲ್ ಹುಡುಗರ ದನಿ ಒಡೆಯತೊಡಗಿದರೆ ಅದೇ ಪಾಠವನ್ನು ಇಳಿಸಿ ಹೇಳಿಕೊಡಬೇಕು.

ಪಂಚಮದಿಂದ (ಪ) ಮಧ್ಯಮಕ್ಕೆ (ಮ) ಬದಲಿಸುವ ಸ್ವಿಚ್ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಸರಳೆ, ಜಂಟಿ ವರಸೆಯಂಥ ಆರಂಭದ ಪಾಠಗಳೆಲ್ಲ ಪಂಚಮ ಇರುವ ಮಾಯಾಮಾಳವಗೌಳ ರಾಗದಲ್ಲೇ ನಡೆಯುವುದರಿಂದ ಮೊದಮೊದಲು ಅದರ ನೆನಪೇ ಆಗುವುದಿಲ್ಲ. ಹಿಂದೋಳದಂಥ, ಪಂಚಮವೇ ಇಲ್ಲದ ರಾಗ ಬಂದಾಗ ಪೆಟ್ಟಿಗೆಯ ಪಂಚಮ ಹೊಂದುವುದಿಲ್ಲ, ಸ್ವಿಚ್ ಬೇಕು ಅಂತ ಆಗ ಗೊತ್ತಾಗುತ್ತದೆ.

ಆದರೆ ಪೆಟ್ಟಿಗೆಯ ಸದ್ದು ತರಗತಿಗೆ ಸಾಲದು. ಏಪ್ರಿಲ್ ಬಿಸಿಲಿಗೆ ಫ್ಯಾನ್‌ಗಳೆಲ್ಲ ಜೋರಾಗಿ ತಿರುಗುತ್ತಿದ್ದರೆ ಮೂರನೇ ಸಾಲಿಗೇ ಕೇಳಿಸುವುದಿಲ್ಲ. ಸಣ್ಣ ಬ್ಲೂಟೂತ್ ಸ್ಪೀಕರಿಗೆ ವೈರ್ ಹಾಕಿ ನೋಡಿದೆ, ಅದರಲ್ಲಿ ಕೆಳಗಿನ ಷಡ್ಜ (ಸ) ಸೊರಗಿ ಪಂಚಮವೇ ಮುಂದಾಗುತ್ತದೆ, ಕೆಲವು ಮಕ್ಕಳು ಅದನ್ನೇ ಸ ಅಂತ ಹಿಡಿದುಬಿಡುತ್ತಾರೆ! ಸ್ವಲ್ಪ ದೊಡ್ಡ ಸ್ಪೀಕರೇ ಬೇಕು. ಅಡಾಪ್ಟರ್ ಪಿನ್ ಬೇರೆ ಬೇಗ ಸಡಿಲವಾಯಿತು. ರಿಪೇರಿಗೆ ಬೆಂಗಳೂರಿಗೆ ಕೊರಿಯರ್ ಮಾಡಿ ಅಂದರು, ನಾನು ಇಲ್ಲೇ ರೇಡಿಯೋ ರಿಪೇರಿಯವರ ಹತ್ತಿರ ಬೆಸುಗೆ ಹಾಕಿಸಿದೆ.

ಮೊಬೈಲ್ ಆ್ಯಪ್ ಇರುವಾಗ ಪೆಟ್ಟಿಗೆ ಯಾಕೆ ಅಂತ ಪೋಷಕರು ಕೇಳುತ್ತಾರೆ. ಮನೆಯ ಅಭ್ಯಾಸಕ್ಕೆ ಆ್ಯಪ್ ಸಾಕು, ನಾನೇ ಹಾಕಿಕೊಡುತ್ತೇನೆ. ತರಗತಿಯಲ್ಲಿ ಫೋನ್ ಬಂದರೆ ಶ್ರುತಿ ನಿಂತು ಎಲ್ಲರೂ ಗೊಳ್ ಅಂತಾರೆ. ಕೀಬೋರ್ಡ್ ತರಿಸೋಣ ಅಂತ ಶಾಲೆಯವರು ಹೇಳಿದಾಗ ಬೇಡ ಅಂದೆ. ಅದರಲ್ಲಿ ಹನ್ನೆರಡು ಸ್ವರಗಳನ್ನು ಸಮ ಅಂತರದಲ್ಲಿ ಹಂಚಿರುತ್ತಾರೆ, ಹಾಗಾಗಿ ತಂಬೂರಿಯ ತಂತಿಯಿಂದ ತಾನಾಗಿ ಹೊಮ್ಮುವ ಅಂತರ ಗಾಂಧಾರಕ್ಕಿಂತ (ಮೇಲಿನ ಗ ಸ್ವರ) ಕೀಬೋರ್ಡಿನ ಗಾಂಧಾರ ಒಂಚೂರು ಮೇಲಿರುತ್ತದೆ. ಸ್ವರವನ್ನು ಅಲುಗಿಸಿ, ಜಾರಿಸಿ ಹಾಡುವ ಗಮಕದ ಮಾತಂತೂ ಬಿಡಿ. ನಿಜ ಹೇಳಬೇಕೆಂದರೆ ಶ್ರುತಿ ಪೆಟ್ಟಿಗೆಯ ಚಪ್ಪಟೆ ನಾದದಲ್ಲೂ ಆ ಗಾಂಧಾರ ಅಷ್ಟಾಗಿ ಕೇಳುವುದಿಲ್ಲ, ದುಡ್ಡಿದ್ದರೆ ತಂಬೂರಿ ನಾದ ಇರುವುದನ್ನೇ ಕೊಳ್ಳಿ.

ಇನ್ನೊಂದು, ಪೂರ್ತಿ ಹೊತ್ತು ಹಾಕಿಟ್ಟರೆ ಮಕ್ಕಳು ಅದನ್ನು ಕೇಳುವುದನ್ನೇ ಬಿಡುತ್ತಾರೆ. ಅದಕ್ಕೇ ಅಲಂಕಾರ ಅನ್ನುವ ಸ್ವರಾಭ್ಯಾಸದ ನಡುವೆ ಸುಮ್ನೆ ಆಫ್ ಮಾಡುತ್ತೇನೆ. ಹಾಡು ಮುಂದುವರಿಯುತ್ತದೆ. ಮತ್ತೆ ಆನ್ ಮಾಡಿದಾಗ ಎಷ್ಟು ಇಳಿದಿದ್ದೇವೆ ಅಂತ ಅವರಿಗೇ ಗೊತ್ತಾಗುತ್ತದೆ.

ಕೊಳ್ಳುವಾಗ ಅಂಗಡಿಯವರಿಗೆ ಫ್ಯಾನ್ ಹಾಕಲು ಹೇಳಿ, ಬಾಗಿಲ ಹತ್ತಿರ ನಿಂತು ಕೇಳಿ.