ಅಂಗಡಿಗೆ ಫೈಬರೋ, ಮೊಬೈಲ್ ಡೇಟಾ ಸಾಕೋ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಹೊಸದಾಗಿ ಅಡಿಕೆ ಅಂಗಡಿ ಇಡುವವರಿಗೆ ನನ್ನ ಲೆಕ್ಕ ಇಷ್ಟು.

ಮೊಬೈಲನ್ನು ಹಗುರವಾಗಿ ಕಾಣಬೇಡಿ. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡಿನ ಮೀನುಗಾರರದ್ದೇ. ಟವರ್ ಬಂದದ್ದೇ, ಅವರು ದೋಣಿಯಿಂದಲೇ ಫೋನ್ ಮಾಡಿ ಬೂತಾಯಿ (ಮತ್ತಿ) ಮೀನಿಗೆ ಒಳ್ಳೆ ರೇಟಿದ್ದ ದಡಕ್ಕೆ ತಿರುಗಿದರು. ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ನಿಂತಿತು. ಅವರ ಲಾಭ ಸುಮಾರು ಶೇ. 8 ಏರಿತು, ತಿನ್ನುವವರಿಗೆ ಬೆಲೆ ಶೇ. 4 ಇಳಿಯಿತು. ಅದೂ ಬರೀ ಮಾತಿನ ಫೋನಿನಿಂದ! ಮಂಗಳೂರಿನ ಅಡಿಕೆ ಧಾರಣೆ ಕೇಳಲು, ಯುಪಿಐಗೆ ಮೊಬೈಲ್ ಡೇಟಾ ಧಾರಾಳ.

ಫೈಬರ್, ಅಂದರೆ ಕೇಬಲಿನಲ್ಲಿ ಬರುವ ಇಂಟರ್ನೆಟ್, ಬೇಕಾಗುವುದು ಬಿಲ್ಲಿಂಗ್, ಸಿಸಿಟಿವಿ, ಒಂದೇ ಹೊತ್ತಿಗೆ ಎರಡು ಮೂರು ಕಂಪ್ಯೂಟರ್ ಇದ್ದಾಗ. ಟವರಿನ ವೇಗ ಊರಿಗೆಲ್ಲ ಹಂಚಿ ಹೋಗುತ್ತದೆ, ಸಂಜೆ ಗೊತ್ತಾಗುತ್ತದೆ. 2023ರ ಜೂನಿನಲ್ಲಿ ಉದ್ಘಾಟನೆಯಾದ ಕೇರಳ ಸರಕಾರದ ಕೆ-ಫೋನ್ ಸಹ ಫೈಬರ್ ಜಾಲವೇ. ನಿಮ್ಮ ಓಣಿಗೆ ಬಂದಿದೆಯೇ ವಿಚಾರಿಸಿ.

ಬ್ರಾಡ್‌ಬ್ಯಾಂಡಿನಿಂದ ಬಡ ದೇಶಗಳ ಬೆಳವಣಿಗೆ ಹೆಚ್ಚುತ್ತದೆಂದು ವಿಶ್ವಬ್ಯಾಂಕ್ 2009ರಲ್ಲೇ ಹೇಳಿತ್ತು. ಅದು ದೇಶದ ಲೆಕ್ಕ, ಗಲ್ಲಾಪೆಟ್ಟಿಗೆಯದ್ದಲ್ಲ.

ಕಳೆದ ಆಟಿಯಲ್ಲಿ (ಮಳೆಗಾಲದ ತುಳು ತಿಂಗಳು) ನಮ್ಮ ಕೇಬಲಿನ ಮೇಲೆ ತೆಂಗಿನ ಮಡಲು ಬಿದ್ದು ನಾಲ್ಕು ದಿನ ಬಿಲ್ಲು ಕೈಯಲ್ಲೇ ಬರೆದೆವು. ಹಾಗಾಗಿ ಫೈಬರ್ ಹಾಕಿಸಿದರೂ ಒಂದು ಸಿಮ್ಮಿಗೆ ರೀಚಾರ್ಜ್ ಇರಲಿ, ರೂಟರಿಗೆ ಇನ್ವರ್ಟರ್ ಇರಲಿ.